ಶಾಂತಿಯ ಮಾತಿನ ಮೇಲೆ ಯೆರೆಮೀಯನಿಗೆ ಯಾಕಷ್ಟು ಅನುಮಾನ

ಬೈಬಲ್ಲಿನಲ್ಲಿ ಶಾಂತಿಯ ಬಗ್ಗೆ ಏನಿದೆ ಅಂತ ಹುಡುಕಲು ಹೊರಟರೆ ಮೊದಲು ಕೈಗೆ ಸಿಗುವುದು ಯೆಶಾಯನ ಮಾತು. ಜನ ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡಿಕೊಳ್ಳುತ್ತಾರೆ, ಯುದ್ಧ ಕಲಿಯುವುದನ್ನೇ ಬಿಡುತ್ತಾರೆ ಅನ್ನುವ ಮಾತು. ತುಂಬಾ ಚೆನ್ನಾಗಿದೆ, ಪೋಸ್ಟರಿಗೆ ಹೇಳಿ ಮಾಡಿಸಿದ ಹಾಗಿದೆ. ಅದೇ ಬೈಬಲ್ಲಿನಲ್ಲಿ ಯೋವೇಲ ಅನ್ನುವ ಇನ್ನೊಬ್ಬ ಪ್ರವಾದಿ ಅದನ್ನು ಪೂರ್ತಿ ತಿರುಗಿಸಿ, ನಿಮ್ಮ ಗುಳಗಳನ್ನು ಬಡಿದು ಕತ್ತಿ ಮಾಡಿಕೊಳ್ಳಿ ಅಂದಿದ್ದಾನೆ. ಅದನ್ನು ಮಾತ್ರ ಯಾರೂ ಪೋಸ್ಟರಿಗೆ ಹಾಕುವುದಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಇವೆರಡೂ ಅಲ್ಲ. ಯೆರೆಮೀಯನ ಪುಸ್ತಕದ 28ನೇ ಅಧ್ಯಾಯದಲ್ಲಿ ಒಂದು ಜಗಳ ಇದೆ. ಇಬ್ಬರು ಪ್ರವಾದಿಗಳು ಜೆರುಸಲೇಮಿನ ದೇವಾಲಯದಲ್ಲಿ, ಯಾಜಕರ ಮತ್ತು ಜನರ ಕಣ್ಣೆದುರಿಗೇ, ಶಾಂತಿಯ ವಿಷಯಕ್ಕೆ ಎದುರುಬದುರು ನಿಲ್ಲುತ್ತಾರೆ. ಶಾಂತಿ ಬರುತ್ತೆ ಅನ್ನುವವನು ಸುಳ್ಳುಗಾರ. ಈಗ ಬರಲ್ಲ ಅನ್ನುವವನು ದೇವರ ಮನುಷ್ಯ. ಶಾಂತಿಯನ್ನು ಇಷ್ಟೊಂದು ಹೊಗಳುವ ಧರ್ಮಗ್ರಂಥ ಶಾಂತಿಯ ಮಾತಾಡುವವನ ಮೇಲೇ ಇಷ್ಟು ಅನುಮಾನ ಪಡುತ್ತದೆ ಅನ್ನುವುದು ನನಗೆ ವಿಚಿತ್ರ ಅನ್ನಿಸಿತು. ಆಮೇಲೆ ಓದುತ್ತಾ ಹೋದ ಹಾಗೆ, ಯೆಹೂದಿ ಮತ್ತು ಕ್ರೈಸ್ತ ಚಿಂತನೆಯಲ್ಲಿ ಶಾಂತಿಯ ಚರ್ಚೆಯ ತಿರುಳು ಈ ಅನುಮಾನವೇ ಇರಬೇಕು ಅಂತ ಅನ್ನಿಸುತ್ತಾ ಬಂದಿದೆ.

ಜಗಳದ ಹಿನ್ನೆಲೆ ಇಷ್ಟು. ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನ ದೊರೆ ನೆಬೂಕದ್ನೆಚ್ಚರ ಜೆರುಸಲೇಮನ್ನು ಹಿಡಿದ. ಅಲ್ಲಿನ ಎಳೆಯ ಅರಸನನ್ನು, ಅಧಿಕಾರಿಗಳನ್ನು, ಕುಶಲಕರ್ಮಿಗಳನ್ನು ಸೆರೆ ಹಿಡಿದು ತನ್ನ ದೇಶಕ್ಕೆ ಸಾಗಿಸಿದ. ದೇವಾಲಯದ ಪಾತ್ರೆಗಳನ್ನೂ ಎತ್ತಿಕೊಂಡು ಹೋದ. ಚಿದ್ಕೀಯ ಅನ್ನುವವನನ್ನು ಗದ್ದುಗೆ ಮೇಲೆ ಕೂರಿಸಿದ. ಕೆಲವು ವರ್ಷ ಕಳೆದ ಮೇಲೆ ಸುತ್ತಲಿನ ಸಣ್ಣ ರಾಜ್ಯಗಳ ದೂತರು ಜೆರುಸಲೇಮಿಗೆ ಬಂದು ಸೇರಿದರು. ಬ್ಯಾಬಿಲೋನಿನ ವಿರುದ್ಧ ಎದ್ದೇಳೋಣ ಅನ್ನುವ ಗುಸುಗುಸು. ಆಗ ಯೆರೆಮೀಯ ಎತ್ತಿನ ಹೆಗಲಿಗೆ ಹಾಕುವಂಥ ಒಂದು ನೊಗ ಮಾಡಿ, ಅದನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡು ಓಡಾಡತೊಡಗಿದ. ಬ್ಯಾಬಿಲೋನಿನ ನೊಗಕ್ಕೆ ತಲೆ ಕೊಡಿ, ಇಲ್ಲದಿದ್ದರೆ ಪೂರ್ತಿ ಹಾಳಾಗುತ್ತೀರಿ ಅನ್ನುವುದು ಅವನ ಸಂದೇಶ. ಯಾರಿಗೆ ತಾನೇ ಇಷ್ಟವಾಗುತ್ತೆ ಹೇಳಿ?

ಗಿಬ್ಯೋನ್ ಊರಿನ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಎದ್ದು ನಿಂತ. ಎರಡು ವರ್ಷದೊಳಗೆ ಎಲ್ಲಾ ಸರಿಹೋಗುತ್ತೆ, ಪಾತ್ರೆಗಳೂ ವಾಪಸ್ ಬರುತ್ತವೆ, ಅರಸನೂ ಬರುತ್ತಾನೆ, ಸೆರೆ ಹೋದವರೂ ಬರುತ್ತಾರೆ, ದೇವರೇ ಹೀಗೆ ಹೇಳಿದ್ದಾನೆ ಅಂದ. ಯೆರೆಮೀಯ ತಕ್ಷಣ ಬೈಯಲಿಲ್ಲ. ಮೊದಲು 'ಆಮೆನ್' ಅಂದ. ದೇವರು ಹಾಗೇ ಮಾಡಲಿ, ನಿನ್ನ ಮಾತು ನಿಜವಾಗಲಿ ಅಂದ. ನನಗೆ ಈ ಜಾಗ ತುಂಬಾ ಇಷ್ಟ, ಯಾಕೆಂದರೆ ಅವನಿಗೂ ಅದೇ ಬೇಕಿತ್ತು, ಹಾಳಾಗುವುದನ್ನು ನೋಡುವ ಆಸೆ ಅವನಿಗೇನೂ ಇರಲಿಲ್ಲ. ಆಮೇಲೆ ಒಂದು ಮಾತು ಸೇರಿಸಿದ. ನಮಗಿಂತ ಹಿಂದಿನ ಪ್ರವಾದಿಗಳು ಯುದ್ಧ, ಬರ, ವ್ಯಾಧಿ ಬರುತ್ತವೆ ಅಂತ ಹೇಳುತ್ತಾ ಬಂದರು. ಶಾಂತಿ ಬರುತ್ತದೆ ಅನ್ನುವ ಪ್ರವಾದಿಯನ್ನಾದರೆ, ಅದು ನಡೆದ ಮೇಲೆಯೇ ದೇವರು ಕಳಿಸಿದವನು ಅಂತ ನಂಬಬೇಕು. ಅಂದರೆ ಸಾಬೀತು ಮಾಡುವ ಹೊರೆ ಕೆಟ್ಟ ಸುದ್ದಿ ಹೇಳುವವನದ್ದಲ್ಲ, ಒಳ್ಳೆಯ ಸುದ್ದಿ ಹೇಳುವವನದ್ದು. ಹನನ್ಯ ಆ ನೊಗವನ್ನು ಯೆರೆಮೀಯನ ಕುತ್ತಿಗೆಯಿಂದ ಕಿತ್ತು ಮುರಿದು ಹಾಕಿದ. ಜನ ಚಪ್ಪಾಳೆ ಹೊಡೆದರೋ ಏನೋ, ಅದು ಬರೆದಿಲ್ಲ. ಯೆರೆಮೀಯ ಸುಮ್ಮನೆ ಹೊರಟುಹೋದ, ಆ ಹೊತ್ತಿನ ಬಗ್ಗೆ ಇಷ್ಟೇ ಬರೆದಿರುವುದು.

ಕ್ರಿ.ಪೂ. 586ರ ಹೊತ್ತಿಗೆ ನಗರವೂ ಇರಲಿಲ್ಲ, ದೇವಾಲಯವೂ ಇರಲಿಲ್ಲ.

ಇದೇ ಪುಸ್ತಕದಲ್ಲಿ ಎರಡು ಕಡೆ ಬರುವ ಒಂದು ದೂರು ಇದೆ. ನನ್ನ ಜನರ ಗಾಯವನ್ನು ಇವರು ಮೇಲೆ ಮೇಲೆ ಕಟ್ಟಿ ಬಿಡುತ್ತಾರೆ, ಶಾಂತಿ ಇಲ್ಲದಿರುವಾಗ ಶಾಂತಿ ಶಾಂತಿ ಅನ್ನುತ್ತಾರೆ ಅಂತ. ಗಮನಿಸಿ, ಇಲ್ಲಿ ಶಾಂತಿಯನ್ನು ಕೆಡಿಸುತ್ತಿರುವವರು ಗಲಾಟೆ ಮಾಡುವವರಲ್ಲ. ಗಾಯದ ಒಳಗೆ ಕೀವು ಇದ್ದಾಗಲೇ ಮೇಲಿನಿಂದ ಬಟ್ಟೆ ಸುತ್ತುವವರು. ಹೀಬ್ರೂವಿನ 'ಶಾಲೋಮ್' ಸುಮ್ಮನಿರುವುದಕ್ಕೆ ಸಮ ಅಲ್ಲ ಅನ್ನುವುದು ಇದರ ಬೆನ್ನೆಲುಬು. ಆರೋಗ್ಯ, ಕೊರತೆ ಇಲ್ಲದಿರುವುದು, ಸಂಬಂಧ ಸರಿ ಇರುವುದು, ಎಲ್ಲಾ ಅದರೊಳಗೆ ಬರುತ್ತದೆ. ದಾವೀದ ತನ್ನ ಸೈನಿಕ ಊರೀಯನನ್ನು ಕರೆಸಿ, ದಂಡನಾಯಕನ ಶಾಲೋಮ್ ಹೇಗಿದೆ, ಜನರ ಶಾಲೋಮ್ ಹೇಗಿದೆ, ಯುದ್ಧದ ಶಾಲೋಮ್ ಹೇಗಿದೆ ಅಂತ ವಿಚಾರಿಸುತ್ತಾನೆ. ಯುದ್ಧದ ಕ್ಷೇಮಸಮಾಚಾರ! ವಿಚಾರಿಸುವಾಗಲೇ ಊರೀಯನ ಹೆಂಡತಿ ದಾವೀದನಿಂದ ಬಸುರಿ. ಇನ್ನು ಕೆಲವೇ ದಿನದಲ್ಲಿ ಊರೀಯನನ್ನು ಅದೇ ಯುದ್ಧದಲ್ಲಿ ಸಾಯಿಸುವವನೂ ಅವನೇ. ಶಾಂತಿಯ ಮಾತು ಬಾಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ಬೇಕಾ?

ಯೆರೆಮೀಯನಿಗೆ ಶಾಂತಿ ಬೇಡವಾಗಿತ್ತು ಅಂತ ತಿಳಿದರೆ ತಪ್ಪು. 29ನೇ ಅಧ್ಯಾಯದಲ್ಲಿ ಅವನು ಬ್ಯಾಬಿಲೋನಿನಲ್ಲಿದ್ದ ಸೆರೆಯವರಿಗೆ ಒಂದು ಪತ್ರ ಬರೆಯುತ್ತಾನೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಹಣ್ಣು ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ಸೆರೆ ಒಯ್ದ ಆ ನಗರದ ಶಾಂತಿಯನ್ನು ಬಯಸಿ, ಅದಕ್ಕಾಗಿ ದೇವರಲ್ಲಿ ಬೇಡಿಕೊಳ್ಳಿ, ಅದರ ಶಾಂತಿಯಲ್ಲೇ ನಿಮ್ಮ ಶಾಂತಿ ಇದೆ. ಯಾವ ನಗರ? ಇವರ ಊರನ್ನು ಮುತ್ತಿದವರ ನಗರ, ಇವರ ದೇವರ ಪಾತ್ರೆಗಳನ್ನು ಹೊತ್ತುಕೊಂಡು ಹೋದವರ ನಗರ. ಜೆರುಸಲೇಮಿನ ಶಾಂತಿಗಾಗಿ ಪ್ರಾರ್ಥಿಸಿ ಅನ್ನುವ ಕೀರ್ತನೆ ಎಲ್ಲರಿಗೂ ಬಾಯಿಪಾಠ ಇದ್ದೀತು, ಬ್ಯಾಬಿಲೋನಿನ ಶಾಂತಿಗಾಗಿ ಪ್ರಾರ್ಥಿಸಿ ಅನ್ನುವುದು ಬೇರೆಯೇ ಮಾತು. ಓದಿದ ಒಬ್ಬನಿಗೆ ತಡೆದುಕೊಳ್ಳಲು ಆಗಲಿಲ್ಲ. ಶೆಮಾಯ ಅನ್ನುವವನು ಅಲ್ಲಿಂದಲೇ ಜೆರುಸಲೇಮಿನ ಯಾಜಕನಿಗೆ ಪತ್ರ ಬರೆದು, ಈ ಹುಚ್ಚನನ್ನು ಇನ್ನೂ ಕೋಳಕ್ಕೆ ಯಾಕೆ ಹಾಕಿಲ್ಲ ಅಂತ ಕೇಳಿದ.

ಹನನ್ಯನ ಶಾಂತಿ ಎರಡು ವರ್ಷದ್ದು, ಯಾರೂ ಏನೂ ಬಿಡಬೇಕಿಲ್ಲ. ಯೆರೆಮೀಯನದ್ದು ಎಪ್ಪತ್ತು ವರ್ಷದ್ದು, ಶತ್ರುವಿನ ಊರಲ್ಲಿ ಗಿಡ ನೆಟ್ಟು ನೀರು ಹಾಕುವಂಥದ್ದು.

ಈಗ ಆರೇಳು ಶತಮಾನ ದಾಟಿ ರೋಮಿಗೆ ಬರೋಣ. ಯೇಸು ಹುಟ್ಟಿದ ಕಾಲಕ್ಕೆ ಶಾಂತಿ ಅನ್ನುವುದು ರೋಮಿನ ಸರ್ಕಾರಿ ಸರಕಾಗಿತ್ತು. ಕ್ರಿ.ಪೂ. 9ರಲ್ಲಿ ಚಕ್ರವರ್ತಿ ಅಗಸ್ಟಸ್‌ನ ಹೆಸರಿನಲ್ಲಿ ರೋಮಿನಲ್ಲಿ ಶಾಂತಿಯ ಬಲಿಪೀಠ ಒಂದನ್ನು ಪ್ರತಿಷ್ಠೆ ಮಾಡಿದರು. ಅಮೃತಶಿಲೆಯ ಆ ಪೀಠವನ್ನು ಈಗಲೂ ಅಲ್ಲಿ ನೋಡಬಹುದು. ಅದೇ ವರ್ಷದ್ದು ಎನ್ನಲಾದ, ಈಗಿನ ಟರ್ಕಿಯ ಪ್ರಿಯೇನೆಯಲ್ಲಿ ಸಿಕ್ಕ ಒಂದು ಗ್ರೀಕ್ ಶಾಸನ, ಯುದ್ಧ ನಿಲ್ಲಿಸಿದ ರಕ್ಷಕ ಅಂತ ಅಗಸ್ಟಸ್‌ನನ್ನು ಕರೆದು, ಅವನ ಹುಟ್ಟುಹಬ್ಬವೇ ಲೋಕಕ್ಕೆ ಶುಭಸಂದೇಶದ ಆರಂಭ ಅನ್ನುತ್ತದೆ. ಲೂಕನ ಸುವಾರ್ತೆ ಯೇಸುವಿನ ಜನನದ ಕಥೆಯನ್ನು ಇದೇ ಅಗಸ್ಟಸ್‌ನ ಆಜ್ಞೆಯಿಂದ ಶುರು ಮಾಡುತ್ತದೆ. ಆಮೇಲೆ ದೇವದೂತರು ಕುರುಬರಿಗೆ ಶುಭಸಂದೇಶ ಹೇಳುತ್ತಾರೆ, ರಕ್ಷಕ ಹುಟ್ಟಿದ್ದಾನೆ, ಭೂಮಿಯ ಮೇಲೆ ಶಾಂತಿ ಅಂತ. ಒಂದೊಂದು ಪದವೂ ಚಕ್ರವರ್ತಿಯದ್ದೇ. ಇದು ಆಕಸ್ಮಿಕ ಅಂತ ನನಗಂತೂ ಅನ್ನಿಸುವುದಿಲ್ಲ.

ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಜೆರುಸಲೇಮನ್ನು ಸುಟ್ಟಿತು, ಎರಡನೆಯ ದೇವಾಲಯವೂ ಹೋಯಿತು. ಐದು ವರ್ಷದ ನಂತರ ಚಕ್ರವರ್ತಿ ವೆಸ್ಪೇಸಿಯನ್ ರೋಮಿನಲ್ಲಿ ಒಂದು ದೊಡ್ಡ ಗುಡಿ ಕಟ್ಟಿಸಿ ಮುಗಿಸಿದ. ಅದರ ಹೆಸರು ಶಾಂತಿಯ ದೇವಾಲಯ. ಜೆರುಸಲೇಮಿನ ದೇವಾಲಯದಿಂದ ಲೂಟಿ ಮಾಡಿದ ಚಿನ್ನದ ಪಾತ್ರೆಗಳನ್ನು ಅದರೊಳಗೆ ಇಡಿಸಿದ ಅಂತ ಆ ಯುದ್ಧವನ್ನು ಕಣ್ಣಾರೆ ಕಂಡಿದ್ದ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ಲೂಟಿ ಮಾಲು ಇಡುವ ಕಟ್ಟಡಕ್ಕೆ ಶಾಂತಿಯ ಹೆಸರು. ಇದಕ್ಕೆ ಬೇರೆ ಟಿಪ್ಪಣಿ ಬೇಡ.

ಯೇಸುವಿನ ಬಾಯಲ್ಲೂ ಶಾಂತಿ ಸಲೀಸಾಗಿ ಬರುವುದಿಲ್ಲ. ನಾನು ಶಾಂತಿ ತರಲು ಬಂದೆ ಅಂದುಕೊಳ್ಳಬೇಡಿ, ಕತ್ತಿ ತರಲು ಬಂದೆ ಅಂತ ಮತ್ತಾಯನ ಸುವಾರ್ತೆಯಲ್ಲಿದೆ. ಲೂಕನಲ್ಲಿ ಅದೇ ಮಾತಿನಲ್ಲಿ ಕತ್ತಿಯ ಬದಲು ಒಡಕು ಅಂತಿದೆ. ಮನೆಯೊಳಗೇ ತಂದೆಗೆ ಮಗ, ತಾಯಿಗೆ ಮಗಳು, ಅತ್ತೆಗೆ ಸೊಸೆ ಎದುರಾಗುತ್ತಾರೆ ಅನ್ನುತ್ತಾನೆ. ಇದನ್ನೇ ಹಿಡಿದುಕೊಂಡು ಯುದ್ಧಕ್ಕೆ ಹೊರಟವರೂ ಇದ್ದಾರೆ, ಆದರೆ ಪೇತ್ರನೋ ಇನ್ಯಾರೋ ನಿಜವಾದ ಕತ್ತಿ ಎಳೆದಾಗ ಯೇಸು ಒಳಗಿಡು ಅಂದದ್ದನ್ನು ಅವರು ಓದಿರಲಿಕ್ಕಿಲ್ಲ. ಸತ್ಯದ ಪಕ್ಷ ಹಿಡಿದರೆ ಮನೆಯ ನೆಮ್ಮದಿ ಕೆಡುತ್ತೆ, ಆ ನೆಮ್ಮದಿಗಾಗಿ ಸತ್ಯ ಬಿಡಬೇಡಿ ಅನ್ನುವುದು ಅದರ ಅರ್ಥ ಅಂತ ನಾನು ಓದಿಕೊಂಡಿದ್ದೇನೆ. ಜೆರುಸಲೇಮು ಕಣ್ಣಿಗೆ ಬಿದ್ದಾಗ ಅವನು ಅತ್ತ ಅಂತಲೂ ಇದೆ. ಶಾಂತಿಗೆ ಬೇಕಾದದ್ದು ಏನು ಅಂತ ನಿನಗೆ ಇವತ್ತಾದರೂ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಊರನ್ನೇ ಮಾತಾಡಿಸುತ್ತಾನೆ.

ಕ್ರೈಸ್ತ ಬರಹದಲ್ಲಿ ಶಾಂತಿಗೆ ಒಂದು ಗಟ್ಟಿ ವಸ್ತುವನ್ನು ಜೋಡಿಸಿದ್ದು ಮೊದಲ ತಲೆಮಾರಿನ ಕ್ರೈಸ್ತ ಪ್ರಚಾರಕ ಪೌಲನ ಹೆಸರಿನಲ್ಲಿರುವ ಎಫೆಸದವರಿಗೆ ಬರೆದ ಪತ್ರ. ಕ್ರಿಸ್ತನೇ ನಮ್ಮ ಶಾಂತಿ, ಅವನು ಎರಡು ಜನಾಂಗಗಳನ್ನು ಒಂದು ಮಾಡಿದ, ನಡುವೆ ಇದ್ದ ಅಡ್ಡಗೋಡೆಯನ್ನು ಕೆಡವಿದ ಅಂತ ಅದರಲ್ಲಿದೆ. ಎರಡು ಅಂದರೆ ಯೆಹೂದಿಗಳು ಮತ್ತು ಯೆಹೂದಿಗಳಲ್ಲದವರು. ಸುಮ್ನೆ ಅಲಂಕಾರಕ್ಕೆ ಹೇಳಿದ ಗೋಡೆ ಅಂತ ಬಿಡಬಹುದು. ಆದರೆ ಜೆರುಸಲೇಮಿನ ದೇವಾಲಯದಲ್ಲಿ ಅಂಥ ಗೋಡೆ ನಿಜವಾಗಿಯೂ ಇತ್ತು. ಮೂರು ಮೊಳ ಎತ್ತರದ ಕಲ್ಲಿನ ಕಟಾಂಜನ. ಅಲ್ಲಲ್ಲಿ ಎಚ್ಚರಿಕೆಯ ಫಲಕಗಳು. ಅವುಗಳಲ್ಲಿ ಒಂದು ಇಡಿಯಾಗಿ 1871ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ ಗಾನೋ ಕಣ್ಣಿಗೆ ಬಿತ್ತು, ಈಗ ಇಸ್ತಾಂಬುಲ್‌ನ ಪುರಾತತ್ವ ಮ್ಯೂಸಿಯಂನಲ್ಲಿದೆ. ಗ್ರೀಕ್ ಅಕ್ಷರಗಳಲ್ಲಿ ಕೆತ್ತಿರುವುದು ಇಷ್ಟು: ಹೊರಗಿನವರು ಯಾರೂ ಈ ಕಟಾಂಜನದ ಒಳಗೆ ಬರಕೂಡದು, ಸಿಕ್ಕಿಬಿದ್ದವನು ತನ್ನ ಸಾವಿಗೆ ತಾನೇ ಹೊಣೆ.

ಇನ್ನೊಂದು ಸಂಗತಿ ನೋಡಿ. ಪೌಲ ಕೊನೆಗೆ ಜೆರುಸಲೇಮಿನಲ್ಲಿ ಸೆರೆಯಾದದ್ದು ಇದೇ ಗೋಡೆಯ ದೆಸೆಯಿಂದ. ಒಬ್ಬ ಹೊರಗಿನವನನ್ನು ದೇವಾಲಯದ ಒಳಗೆ ಕರೆದುಕೊಂಡು ಬಂದ ಅಂತ ಗುಂಪು ಅವನ ಮೇಲೆ ಬಿತ್ತು. ನಿಜವಾಗಿ ಕರೆತಂದಿರಲಿಲ್ಲ, ಊರೊಳಗೆ ಅವರಿಬ್ಬರೂ ಜೊತೆಗಿದ್ದುದನ್ನು ಯಾರೋ ಕಂಡಿದ್ದರು ಅಷ್ಟೇ. ಆ ಹೊರಗಿನವನ ಹೆಸರು ತ್ರೊಫಿಮ, ಊರು ಎಫೆಸ. ಪತ್ರದ ಅಡ್ಡಗೋಡೆ ಇದೇ ಗೋಡೆಯೇ ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಇರಲಿ. ಎಫೆಸದ ಒಬ್ಬನ ನೆಪದಲ್ಲಿ ಸೆರೆ ಹೋದವನ ಹೆಸರಿನಲ್ಲಿ ಎಫೆಸಕ್ಕೆ ಹೋದ ಪತ್ರ ಗೋಡೆ ಬಿತ್ತು ಅನ್ನುತ್ತಿರುವಾಗ, ಓದುವವನ ಮನಸ್ಸಿಗೆ ಆ ಕಲ್ಲು ಬಾರದೆ ಇರುತ್ತದಾ?

ಬೆಟ್ಟದ ಮೇಲಿನ ಉಪದೇಶದಲ್ಲಿ ಯೇಸು ಹೇಳಿದ ಇನ್ನೊಂದು ಮಾತು ಪೂಜೆಯೊಳಗೇ ಸೇರಿಹೋಯಿತು. ನೀನು ಬಲಿಪೀಠದ ಹತ್ತಿರ ಕಾಣಿಕೆ ತಂದಿದ್ದೀಯ, ಆಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮುನಿಸಿದೆ ಅಂತ ನೆನಪಾಯಿತು ಅಂದುಕೋ. ಕಾಣಿಕೆ ಅಲ್ಲೇ ಬಿಡು, ಹೋಗಿ ರಾಜಿಯಾಗು, ಆಮೇಲೆ ಬಾ. ಎರಡನೆಯ ಶತಮಾನದ ನಡುವಿನ ಹೊತ್ತಿಗೆ ರೋಮಿನ ಕ್ರೈಸ್ತರು ಪ್ರಾರ್ಥನೆ ಮುಗಿಸಿ ರೊಟ್ಟಿ ಮತ್ತು ದ್ರಾಕ್ಷಾರಸ ತರುವ ಮೊದಲು ಒಬ್ಬರಿಗೊಬ್ಬರು ಮುತ್ತು ಕೊಡುತ್ತಿದ್ದರು ಅಂತ ಆ ಕಾಲದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ದಾಖಲಿಸಿದ್ದಾನೆ. ಶಾಂತಿಯ ಮುತ್ತು. ಮಧ್ಯಯುಗದಲ್ಲಿ ಅದು ಮುಖಕ್ಕೆ ಮುಖ ಕೊಡುವುದು ನಿಂತು, ಒಂದು ಪುಟ್ಟ ಫಲಕವನ್ನು ಸಾಲಾಗಿ ಎಲ್ಲರೂ ಮುತ್ತಿಡುವ ಪದ್ಧತಿಯಾಯಿತು. ಮೊದಲು ಯಾರಿಗೆ ಅನ್ನುವ ಪ್ರಶ್ನೆ ಬಂದದ್ದೇ ತಡ, ಜಗಳ ಶುರು. 1522ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಥೇಡನ್ ಗಾರ್ನನ್ ಅನ್ನುವ ಊರಿನ ಚರ್ಚಿನಲ್ಲಿ ಒಬ್ಬ ಆಸಾಮಿ, ತನಗೆ ಮೊದಲು ಕೊಡಲಿಲ್ಲ ಅಂತ ಸಿಟ್ಟಾಗಿ, ಆ ಶಾಂತಿಯ ಫಲಕವನ್ನೇ ತಂದುಕೊಟ್ಟವನ ತಲೆಗೆ ಹೊಡೆದು ರಕ್ತ ಸುರಿಸಿದ. ಹಿಂದಿನ ಭಾನುವಾರವೇ ಹೇಳಿದ್ದನಂತೆ, ಮುಂದಿನ ಸಲ ನನಗೆ ಮೊದಲು ಕೊಡದಿದ್ದರೆ ನಿನ್ನ ತಲೆ ಮೇಲೇ ಇದನ್ನು ಒಡೀತೀನಿ ಅಂತ. ಮಾತಿಗೆ ತಪ್ಪಲಿಲ್ಲ.

ನಗು ಬರುತ್ತೆ, ನಿಜ. ದೊಡ್ಡ ಮಟ್ಟದಲ್ಲಿ ಇದೇ ನಡೆದಾಗ ನಗು ಬರುವುದಿಲ್ಲ. ಹತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನ ಬಿಷಪ್ಪರು ಊರೂರಿನ ಸಾಮಂತರ ಕಾದಾಟಕ್ಕೆ ಕಡಿವಾಣ ಹಾಕಲು ಹೊರಟರು. 989ರಲ್ಲಿ ಶಾರೂ ಅನ್ನುವಲ್ಲಿ ಸೇರಿದ ಸಭೆ, ಚರ್ಚುಗಳನ್ನು ಲೂಟಿ ಮಾಡುವವರಿಗೆ, ಬಡವರ ದನಕರು ಕಿತ್ತುಕೊಳ್ಳುವವರಿಗೆ, ನಿರಾಯುಧ ಪಾದ್ರಿಗಳ ಮೇಲೆ ಕೈಮಾಡುವವರಿಗೆ ಬಹಿಷ್ಕಾರ ಅಂತ ಸಾರಿತು. ಮುಂದೆ ವಾರದ ಇಂತಿಂಥ ದಿನ ಕಾದಾಡಬಾರದು ಅನ್ನುವ ನಿಯಮವೂ ಬಂತು. ಇದು ಕಾಗದದ ಶಾಂತಿಯಲ್ಲ, ನಿಜವಾದ ಕೆಲಸ, ನನಗೆ ಇದರ ಬಗ್ಗೆ ಗೌರವ ಇದೆ. ಆದರೆ 1095ರಲ್ಲಿ ಕ್ಲೆರ್ಮೋ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್ ಈ ಶಾಂತಿಯ ನಿಯಮಗಳನ್ನು ಮತ್ತೆ ಗಟ್ಟಿ ಮಾಡಿದ, ಅದೇ ಸಭೆಯಲ್ಲೇ ಮೊದಲ ಧರ್ಮಯುದ್ಧಕ್ಕೂ ಕರೆ ಕೊಟ್ಟ. ಒಳಗೆ ಶಾಂತಿ, ಹೊರಗೆ ಕತ್ತಿ. ಮರುವರ್ಷವೇ ರೈನ್ ನದಿಯ ದಡದ ವರ್ಮ್ಸ್, ಮೈಂಜ್ ಊರುಗಳಲ್ಲಿ ಆ ಯುದ್ಧಕ್ಕೆ ಹೊರಟವರಿಂದ ಯೆಹೂದಿಗಳ ಕಗ್ಗೊಲೆ ನಡೆಯಿತು. 1099ರಲ್ಲಿ ಜೆರುಸಲೇಮಿನಲ್ಲಿ ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದರು.

ಇಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನನನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ, ಯಾಕೆಂದರೆ ಪಶ್ಚಿಮದ ಕ್ರೈಸ್ತರು ಶಾಂತಿ ಅಂದಾಗಲೆಲ್ಲ ಅವನ ನೆರಳು ಬೀಳುತ್ತದೆ. 410ರಲ್ಲಿ ರೋಮ್ ನಗರ ಗಾಥರ ಕೈಗೆ ಸಿಕ್ಕಿ ಲೂಟಿಯಾದ ಮೇಲೆ ಅವನು ಬರೆಯಲು ಕೂತ 'ದೇವರ ನಗರ' ಮುಗಿದದ್ದು 426ರ ಹೊತ್ತಿಗೆ. ಅದರ 19ನೇ ಭಾಗ ಬಹುಪಾಲು ಶಾಂತಿಯ ಬಗ್ಗೆ. ಶಾಂತಿ ಬೇಡ ಅನ್ನುವವರು ಯಾರೂ ಇಲ್ಲ, ದರೋಡೆಕೋರರಿಗೂ ತಮ್ಮ ತಂಡದೊಳಗೆ ಶಾಂತಿ ಬೇಕು ಅನ್ನುತ್ತಾನೆ. ಒಳ್ಳೇ ಮಾತು. ಯುದ್ಧ ಮಾಡುವವನೂ ಶಾಂತಿ ಬೇಡ ಅಂತ ಮಾಡುವುದಲ್ಲ, ತನಗೆ ಹಿಡಿಸುವ ಶಾಂತಿ ಬೇಕು ಅಂತ ಮಾಡುತ್ತಾನೆ. ಆಮೇಲೆ, ಎಲ್ಲದರ ಶಾಂತಿ ಅಂದರೆ ಒಂದು ಕ್ರಮದೊಳಗಿನ ನೆಮ್ಮದಿ ಅನ್ನುತ್ತಾನೆ, ಒಂದೊಂದೂ ತನ್ನ ತನ್ನ ಜಾಗದಲ್ಲಿರುವುದು. ನನಗೆ ತಕರಾರು ಇರುವುದು ಇಲ್ಲೇ. ಯಾರ ಜಾಗ ಯಾವುದು ಅಂತ ಗೊತ್ತು ಮಾಡಿದವರು ಯಾರು? ಅದೇ ಭಾಗದಲ್ಲಿ ಮನೆಯ ಶಾಂತಿಯ ಬಗ್ಗೆ ಬರೆಯುವಾಗ ಯಜಮಾನ ಆಜ್ಞೆ ಮಾಡುತ್ತಾನೆ, ದಾಸ ಪಾಲಿಸುತ್ತಾನೆ ಅನ್ನುವುದೂ ಆ ಕ್ರಮದೊಳಗೇ ಬಂದುಬಿಡುತ್ತದೆ. ದಾಸತ್ವ ಪಾಪದಿಂದ ಬಂದದ್ದು, ಸೃಷ್ಟಿಯಲ್ಲಿ ಇರಲಿಲ್ಲ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡು ಸುಮ್ಮನಾಗುತ್ತಾನೆ. ಅಷ್ಟಾದರೂ ಅವನನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಆ ಭಾಗದ ಕೊನೆಯ ಹೊತ್ತಿಗೆ ಅವನೂ ಯೆರೆಮೀಯನ ಪತ್ರವನ್ನೇ ಎತ್ತಿಕೊಳ್ಳುತ್ತಾನೆ. ಈ ಲೋಕ ನಮಗೆ ಬ್ಯಾಬಿಲೋನ್, ಅದರ ಶಾಂತಿಯೂ ನಮಗೆ ಬೇಕು, ಅದಕ್ಕಾಗಿಯೂ ಪ್ರಾರ್ಥಿಸಬೇಕು ಅಂತ.

ಕ್ರಮವೇ ಶಾಂತಿ ಅನ್ನುವವರಿಗೆ ಸಿಕ್ಕ ಉತ್ತರಗಳಲ್ಲಿ ಎರಡು ನನಗೆ ಮುಖ್ಯ. ಒಂದು ಉತ್ತರದಲ್ಲಿ ವಾದವೇ ಇಲ್ಲ. 1569ರಲ್ಲಿ ನೆದರ್ಲೆಂಡ್ಸ್‌ನ ಆಸ್ಪೆರೆನ್ ಊರಿನಲ್ಲಿ ಡಿರ್ಕ್ ವಿಲೆಮ್ಸ್ ಅನ್ನುವ ಆನಬ್ಯಾಪ್ಟಿಸ್ಟ್ (ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಕ್ರೈಸ್ತ ಪಂಥದವನು) ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಅವನು ದಾಟಿದ, ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ವಾಪಸ್ ಬಂದು ಅವನನ್ನು ಮೇಲೆತ್ತಿದ. ಎತ್ತಿಸಿಕೊಂಡವನಿಗೆ ಇವನನ್ನು ಬಿಟ್ಟುಬಿಡುವ ಮನಸ್ಸಿತ್ತಂತೆ, ಆದರೆ ದಡದಲ್ಲಿದ್ದ ಅಧಿಕಾರಿ ನಿನ್ನ ಪ್ರಮಾಣ ನೆನಪಿಟ್ಟುಕೋ ಅಂತ ಕೂಗಿದ. ಹಿಡಿದರು, ಸುಟ್ಟರು. ಕ್ರಮ ಉಳಿಯಿತು.

ಇನ್ನೊಂದು ಉತ್ತರ 1963ರ ಏಪ್ರಿಲ್‌ನದ್ದು. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕರಿಯರ ಹಕ್ಕಿಗಾಗಿ ಮೆರವಣಿಗೆ ಮಾಡಿ ಮಾರ್ಟಿನ್ ಲೂಥರ್ ಕಿಂಗ್ ಜೈಲು ಸೇರಿದ್ದ. ಆ ರಾಜ್ಯದ ಎಂಟು ಜನ ಧರ್ಮಗುರುಗಳು, ಏಳು ಕ್ರೈಸ್ತರು ಮತ್ತು ಒಬ್ಬ ರಬ್ಬಿ (ಯೆಹೂದಿ ಗುರು), ಇದೆಲ್ಲ ಈಗ ಬೇಡ, ಸಂಯಮ ಇರಲಿ, ಕೋರ್ಟಿಗೆ ಹೋಗಿ ಅಂತ ಹೇಳಿಕೆ ಕೊಟ್ಟರು. ಕೆಟ್ಟವರೇನೂ ಅಲ್ಲ, ಕರಿಯರನ್ನು ಬೇರೆ ಇಡುವ ಪ್ರತ್ಯೇಕತೆಯ ಪರ ಕೂಗಾಡಿದವರಲ್ಲ. ಕಿಂಗ್ ಜೈಲಿನಿಂದ ಬರೆದ ಉತ್ತರದಲ್ಲಿ ಅವನಿಗೆ ಹೆಚ್ಚು ಬೇಸರ ಇರುವುದು ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಹಿಂಸಾವಾದಿ ಸಂಘದ ಮೇಲಲ್ಲ. ನ್ಯಾಯಕ್ಕಿಂತ ಕ್ರಮವನ್ನು ಜಾಸ್ತಿ ಪ್ರೀತಿಸುವ, ಗಲಾಟೆ ಇಲ್ಲದಿದ್ದರೆ ಅದೇ ಶಾಂತಿ ಅಂದುಕೊಂಡ ಸೌಮ್ಯ ಬಿಳಿಯರ ಮೇಲೆ. ಉದ್ವೇಗವನ್ನು ನಾವು ಹುಟ್ಟಿಸಿದ್ದಲ್ಲ, ಒಳಗೆ ಇದ್ದದ್ದನ್ನು ಮೇಲೆ ತಂದೆವು ಅನ್ನುತ್ತಾನೆ, ಮುಚ್ಚಿಟ್ಟ ಕೀವುಗುಳ್ಳೆಯನ್ನು ಗಾಳಿ ಬೆಳಕಿಗೆ ತೆರೆಯದೆ ವಾಸಿ ಮಾಡಲು ಆಗುವುದಿಲ್ಲ ಅನ್ನುತ್ತಾನೆ. ಗಾಯ, ಕೀವು, ಮುಚ್ಚುವವರು. ಎರಡೂವರೆ ಸಾವಿರ ವರ್ಷ ಕಳೆದರೂ ದೂರು ಬದಲಾಗಿಲ್ಲ.

ಇಷ್ಟು ಓದಿ, ಹಾಗಾದರೆ ಸತ್ಯ, ನ್ಯಾಯ ಅಂತ ಪಟ್ಟು ಹಿಡಿಯುವುದೇ ಸರಿ ಅಂತ ತೀರ್ಮಾನಕ್ಕೆ ಬರುವ ಹೊತ್ತಿಗೆ ತಾಲ್ಮುದಿನ (ಯೆಹೂದಿ ಧರ್ಮನಿಯಮಗಳ ಚರ್ಚೆಯ ದೊಡ್ಡ ಸಂಗ್ರಹ) ರಬ್ಬಿಗಳು ಬಂದು ಎಲ್ಲಾ ಕಲಸಿಬಿಡುತ್ತಾರೆ. 70ರ ನಾಶ ಆಯಿತು, 132ರಿಂದ 135ರವರೆಗಿನ ಬಾರ್ ಕೋಖ್ಬಾ ದಂಗೆಯನ್ನೂ ರೋಮ್ ತುಳಿದುಹಾಕಿತು. ರಾಜ್ಯ ಇಲ್ಲ, ಸೈನ್ಯ ಇಲ್ಲ, ದೇವಾಲಯ ಇಲ್ಲ. ಶಾಂತಿ ಅನ್ನುವುದು ಇನ್ನು ಅರಸರ ವಿಷಯವಾಗಿ ಉಳಿಯಲಿಲ್ಲ, ಪಕ್ಕದ ಮನೆಯವರ ವಿಷಯವಾಯಿತು. 200ರ ಸುಮಾರಿಗೆ ಒಟ್ಟುಗೂಡಿದ ಮಿಶ್ನಾ ಅನ್ನುವ ನಿಯಮಗಳ ಸಂಗ್ರಹದಲ್ಲಿ 'ಶಾಂತಿಯ ದಾರಿಗಾಗಿ' ಮಾಡಿದ ನಿಯಮಗಳು ಅಂತ ಒಂದು ಪಟ್ಟಿಯೇ ಇದೆ. ಸಭೆಯಲ್ಲಿ ತೋರಾ (ಮೋಶೆಯ ಐದು ಪುಸ್ತಕಗಳು) ಓದುವಾಗ ಮೊದಲು ಯಾಜಕ ವಂಶದವನು, ಆಮೇಲೆ ಲೇವಿ ಕುಲದವನು, ಆಮೇಲೆ ಉಳಿದವರು. ಯಾಕೆ? ಯಾಜಕ ದೊಡ್ಡವನು ಅಂತಲ್ಲ, ಶಾಂತಿಯ ದಾರಿಗಾಗಿ. ಮೊದಲು ಯಾರು ಅನ್ನುವ ಜಗಳವೇ ಹುಟ್ಟದಿರಲಿ ಅಂತ. ಎಸೆಕ್ಸಿನ ಆ ಪುಣ್ಯಾತ್ಮನನ್ನು ಇವರು ಸಾವಿರ ವರ್ಷ ಮೊದಲೇ ಕಂಡಿದ್ದ ಹಾಗಿದೆ ಅಲ್ವಾ? ಕಾಲುವೆಗೆ ಹತ್ತಿರ ಇರುವ ನೀರಿನ ಗುಂಡಿ ಮೊದಲು ತುಂಬಲಿ. ಇನ್ನೊಬ್ಬನ ಬಲೆಗೆ ಬಿದ್ದ ಪ್ರಾಣಿಯನ್ನು ಎತ್ತಿಕೊಂಡು ಹೋದರೆ ಅದು ಕಳ್ಳತನದ ಹಾಗೇ. ಹೊಲದ ಅಂಚಿನ ತೆನೆ ಆಯಲು ಬಂದ ಅನ್ಯಜನರ ಬಡವರನ್ನೂ ತಡೆಯಬೇಡಿ. ಅವರನ್ನು ಕಂಡಾಗ ಶಾಲೋಮ್ ಹೇಳಿ. ಎಷ್ಟು ಸಣ್ಣ ಸಣ್ಣ ವಿಷಯಗಳು, ಎಷ್ಟು ಪಕ್ಕಾ.

ಇವರ ಶಾಂತಿಯ ವೀರ ಯೆರೆಮೀಯ ಅಲ್ಲ, ಆರೋನ, ಮೋಶೆಯ ಅಣ್ಣ. ಆರೋನನ ಶಿಷ್ಯರಾಗಿ, ಶಾಂತಿಯನ್ನು ಪ್ರೀತಿಸಿ, ಶಾಂತಿಯ ಬೆನ್ನು ಹತ್ತಿ ಅಂತ ಹಿಲ್ಲೇಲ ಅನ್ನುವ ಹಳೆಯ ಗುರು ಹೇಳಿದ್ದಾನೆ. ಬೆನ್ನು ಹತ್ತುವುದು ಹೇಗೆ ಅನ್ನುವುದಕ್ಕೆ ಒಂದು ಕಥೆ ಇದೆ. ಇಬ್ಬರು ಜಗಳವಾಡಿದರೆ ಆರೋನ ಒಬ್ಬನ ಹತ್ತಿರ ಹೋಗಿ ಕೂರುತ್ತಿದ್ದನಂತೆ. ಮಗಾ, ನಿನ್ನ ಗೆಳೆಯ ಎದೆ ಎದೆ ಬಡಿದುಕೊಳ್ಳುತ್ತಿದ್ದಾನೆ ಕಣೋ, ತಪ್ಪು ಮಾಡಿದ್ದು ನಾನೇ, ಇನ್ನು ಅವನ ಮುಖ ಹೇಗೆ ನೋಡಲಿ ಅಂತ ಅಳುತ್ತಿದ್ದಾನೆ. ಸಿಟ್ಟು ಇಳಿಯುವ ತನಕ ಅಲ್ಲೇ ಕೂತಿರುತ್ತಿದ್ದ. ಆಮೇಲೆ ಎದ್ದು ಇನ್ನೊಬ್ಬನ ಹತ್ತಿರ ಹೋಗಿ ಅದನ್ನೇ ಹೇಳುತ್ತಿದ್ದ. ಇಬ್ಬರೂ ಎದುರಾದಾಗ ತಬ್ಬಿಕೊಳ್ಳುತ್ತಿದ್ದರು.

ಸುಳ್ಳು! ಹಸಿ ಸುಳ್ಳು, ಅದೂ ಎರಡು ಸಲ. ರಬ್ಬಿಗಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಶಾಂತಿಗಾಗಿ ಮಾತು ತಿರುಗಿಸಬಹುದಾ ಅಂತ ತಾಲ್ಮುದಿನಲ್ಲಿ ಚರ್ಚೆಯೇ ಇದೆ, ಮತ್ತು ಅಲ್ಲಿ ಸಾಕ್ಷಿಗೆ ಕರೆಯುವುದು ದೇವರನ್ನೇ. ಮುಪ್ಪಿನಲ್ಲಿ ಮಗು ಆಗುತ್ತೆ ಅಂತ ಕೇಳಿ ಸಾರಾ ಒಳಗೊಳಗೇ ನಕ್ಕಳು, ನನ್ನ ಯಜಮಾನ ಮುದುಕ ಅಂದುಕೊಂಡಳು. ದೇವರು ಅಬ್ರಹಾಮನಿಗೆ ಅದನ್ನು ವರದಿ ಮಾಡುವಾಗ, ನಾನು ಮುದುಕಿಯಾದೆನಲ್ಲ ಅಂತ ಸಾರಾ ನಕ್ಕಳು ಅಂತ ಹೇಳಿದ. ಗಂಡನ ವಯಸ್ಸಿನ ಮಾತು ನುಂಗಿಬಿಟ್ಟ. ಗಂಡ ಹೆಂಡಿರ ನಡುವೆ ದೇವರೂ ಸ್ವಲ್ಪ ತಿದ್ದಿ ಮಾತಾಡಿದ್ದಾನೆ ಅಂದ ಮೇಲೆ ನಮ್ಮದೇನು ಅನ್ನುವುದು ಅವರ ವಾದ. ಮನೆಯ ಶಾಂತಿ ಅವರಿಗೆ ಅಷ್ಟು ದೊಡ್ಡದು. ಕೈಯಲ್ಲಿ ಒಂದೇ ದೀಪಕ್ಕೆ ಆಗುವಷ್ಟು ಕಾಸಿದ್ದರೆ ಹನುಕ್ಕಾ ಹಬ್ಬದ ದೀಪ ಬಿಟ್ಟು ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ರಾತ್ರಿ ಮನೆಗೆ ಬೆಳಕಾಗುವ ದೀಪ ಹಚ್ಚಬೇಕು ಅಂತ ನಿಯಮ ಇದೆ. ಕತ್ತಲಲ್ಲಿ ಮನೆಯವರು ಎಡವಬಾರದು, ಅಷ್ಟೇ.

ಆದರೆ ಮನೆಯ ಶಾಂತಿ ಅನ್ನುವ ಇದೇ ಮಾತನ್ನು ಹೊಡೆತ ತಿನ್ನುವ ಹೆಂಡತಿಗೂ ಹೇಳಿ ವಾಪಸ್ ಕಳಿಸಿದ್ದುಂಟು, ಈಗ ಯೆಹೂದಿ ಮಹಿಳೆಯರೇ ಅದನ್ನು ಎತ್ತಿ ಆಡುತ್ತಾರೆ. ಚರ್ಚುಗ‍ಳಲ್ಲೂ ಕ್ಷಮೆಯ ಹೆಸರಿನಲ್ಲಿ ಅದೇ ಆಗಿದೆ. ಆರೋನನ ಸುಳ್ಳು ಸಮಸಮ ಇರುವ ಇಬ್ಬರು ಗೆಳೆಯರ ನಡುವೆ ನಡೆಯುತ್ತೆ. ಒಬ್ಬನ ಕಾಲು ಇನ್ನೊಬ್ಬನ ಕುತ್ತಿಗೆ ಮೇಲಿರುವಾಗ ನಡೆಯುವುದಿಲ್ಲ.

ಇದು ರಬ್ಬಿಗಳಿಗೂ ಹೊಳೆದಿತ್ತು ಅಂತ ನನಗೆ ಅನ್ನಿಸುವುದು ತಾಲ್ಮುದಿನ ಸನ್ಹೆದ್ರಿನ್ ಅನ್ನುವ ಭಾಗದ ಒಂದು ವಾಗ್ವಾದ ಓದುವಾಗ. ಕೋರ್ಟಿಗೆ ಬಂದವರಿಗೆ ನ್ಯಾಯಾಧೀಶ ರಾಜಿ ಮಾಡಿಸಬಹುದಾ? ರಬ್ಬಿ ಎಲಿಯೇಜರ್ (ಗಲಿಲಾಯದ ಯೋಸೆಯ ಮಗ) ಕೂಡದು ಅನ್ನುತ್ತಾನೆ, ಕಾನೂನು ಬೆಟ್ಟವನ್ನೇ ಸೀಳಿಕೊಂಡು ಹೋಗಲಿ, ಮೋಶೆ ಹಾಗೇ ಹೇಳುತ್ತಿದ್ದ ಅನ್ನುತ್ತಾನೆ. ರಬ್ಬಿ ಯೆಹೋಶುವ ಬೆನ್ ಕೊರ್ಖಾ ರಾಜಿಯೇ ಪುಣ್ಯದ ಕೆಲಸ ಅನ್ನುತ್ತಾನೆ. ಕಟ್ಟುನಿಟ್ಟಿನ ನ್ಯಾಯ ಇರುವಲ್ಲಿ ಶಾಂತಿ ಇಲ್ಲ, ಶಾಂತಿ ಇರುವಲ್ಲಿ ಕಟ್ಟುನಿಟ್ಟಿನ ನ್ಯಾಯ ಇಲ್ಲ, ಹಾಗಾದರೆ ಶಾಂತಿಯೂ ಇರುವ ನ್ಯಾಯ ಯಾವುದು? ರಾಜಿಯೇ ಅಂತ. ಮೂರನೆಯವನು ಶಿಮೋನ್ ಬೆನ್ ಮೆನಸ್ಯಾ. ಅವನು ಸಮಯದ ಗೆರೆ ಎಳೆಯುತ್ತಾನೆ. ಇಬ್ಬರ ಮಾತನ್ನು ಕೇಳುವ ಮೊದಲು, ಅಥವಾ ಕೇಳಿದ ಮೇಲೂ ತೀರ್ಪು ಯಾವ ಕಡೆ ವಾಲುತ್ತದೆ ಅಂತ ಗೊತ್ತಾಗದೆ ಇರುವ ತನಕ, ಹೋಗಿ ರಾಜಿ ಮಾಡಿಕೊಳ್ಳಿ ಅಂತ ನೀನು ಹೇಳಬಹುದು. ಗೊತ್ತಾದ ಮೇಲೆ ಹೇಳುವ ಹಾಗಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸ್ ಈ ಗೆರೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದ. ನ್ಯಾಯಾಧೀಶನಿಗೆ ಮನಸ್ಸಿನಲ್ಲಿ ಗೊತ್ತಾಗಿದ್ದರೂ ಪರವಾಗಿಲ್ಲ, ಬಾಯಿಬಿಟ್ಟು ತೀರ್ಪು ಹೇಳುವ ತನಕ ರಾಜಿ ಮಾಡಿಸುವುದು ಒಳ್ಳೆಯದೇ ಅಂದ. ದಿನಾ ವ್ಯಾಜ್ಯ ನೋಡುವವರಿಗೆ ಇದೇ ಹೆಚ್ಚು ಅನುಕೂಲ ಇದ್ದೀತು. ನನಗೆ ಮಾತ್ರ ಮೆನಸ್ಯಾನ ಗೆರೆಯೇ ಸರಿ ಅನ್ನಿಸುತ್ತೆ, ಯಾಕೆಂದರೆ ನ್ಯಾಯಾಧೀಶನಿಗೆ ಗೊತ್ತಾಗಿ ಕಕ್ಷಿದಾರನಿಗೆ ಗೊತ್ತಿಲ್ಲದಿರುವಾಗ ನಡೆಯುವ ರಾಜಿಯಲ್ಲಿ ಒಬ್ಬ ತನ್ನದೇ ಆದದ್ದನ್ನು ತನ್ನದು ಅಂತ ತಿಳಿಯದೆ ಬಿಟ್ಟುಕೊಟ್ಟು ಹೋಗುತ್ತಾನೆ, ಅದೂ ಥ್ಯಾಂಕ್ಸ್ ಹೇಳಿ.